ಅತ್ತಿಗೆಯ ಅಂಗಾಲಿನ ಆಣಿ

ಅತ್ತಿಗೆ ಮುದ್ದೆ ಮುರಿದು ಸಾರಿಗೆ ಅದ್ದಿದರು. ತುಟಿಯವರೆಗೂ ತಂದರು. ಬಾಯಿ ತೆರೆಯಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದರು... ಸಾರು ಗದ್ದದ ಮೇಲೆ ಇಳಿಯಿತು.

ಸೊಸೆ ಮುನಿಸಿಕೊಂಡಿದ್ದಾಳೆ ಅಂತಲೇ ನಮ್ಮವ್ವ ತಿಳಿದಳು. "ನಮ್ ಮ್ಯಾಲ್ ಕ್ವಾಪ ಇದ್ರೆ ನಮ್ ಮ್ಯಾಲ್ ತೀರುಸ್ಕೊ ಕಣಮ್ಮ, ಮುದ್ದೆ ಏನ್ ಮಾಡಿತ್ತು?" ಎಂದು ನಕ್ಕಳು ಕೂಡ.

ಅತ್ತಿಗೆ ಏನೋ ಹೇಳಲು ಹೋದರು. ಹಲ್ಲುಗಳ ನಡುವಿನಿಂದ ಬರೀ ಗಾಳಿ ಬಂತು.

ಇದು ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಿನ ಮಾತು. ನಮ್ಮದು ನಿಡಘಟ್ಟದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ಅತ್ತಿಗೆ ಮತ್ತು ಹೈಸ್ಕೂಲು ಮುಗಿಸಿ ಸುಮ್ಮನೆ ಕೂತಿದ್ದ ನಾನು. ಈಗ ನನಗೆ ತೊಂಬತ್ತು ದಾಟಿದೆ. ಮೊಮ್ಮಗಳ ಫೋನಿನಲ್ಲಿ ನಿಧಾನವಾಗಿ ಟೈಪ್ ಮಾಡುತ್ತಿದ್ದೇನೆ.

ಅತ್ತಿಗೆಯ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ಆಣಿ ಎದ್ದಿತ್ತು. ಸುತ್ತಲಿನ ಚರ್ಮ ತೆಂಗಿನ ಚಿಪ್ಪಿನಷ್ಟು ಗಟ್ಟಿ. ಕಾಲು ಊರಿದರೆ ಒಳಗೆ ಮುಳ್ಳು ಆಡಿದ ಹಾಗಾಗುತ್ತದೆ ಎನ್ನುತ್ತಿದ್ದರು.

ಮದ್ದೂರಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಹೇಳಿದ್ದು ಇಷ್ಟೇ. ಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ. ಚರ್ಮ ಮೆತ್ತಗಾದ ಮೇಲೆ ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒಂದೇ ಸಲಕ್ಕೆ ಎಲ್ಲ ತೆಗೆಯಲು ಹೋಗಬೇಡಿ. ಒರೆಸಿ ಹರಳೆಣ್ಣೆ ಹಚ್ಚಿ. ಬ್ಲೇಡು, ಚಾಕು ಯಾವುದನ್ನೂ ತಾಗಿಸಬೇಡಿ.

ಜೊತೆಗೆ ಮೆತ್ತನೆಯ ಚಪ್ಪಲಿ ಹಾಕಿಸಿ ಅಂದರು. ಬರಿಗಾಲಲ್ಲಿ ನಡೆದರೆ ಎಷ್ಟು ಉಜ್ಜಿದರೂ ಅದು ತಿರುಗಿ ಬರುತ್ತದೆ.

ಆಗದೇ ಹೋದದ್ದು ಅದೊಂದೇ.

ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ಮೆಟ್ಟು ಹಾಕುವಂತಿರಲಿಲ್ಲ. ಮಾವ ಒಬ್ಬನೇ ಅಲ್ಲ, ಜಗಲಿಯ ಮೇಲೆ ಕೂತ ಯಾವ ಹಿರಿಯರ ಎದುರೂ. ಗದ್ದೆಗೆ ಹೋಗುವ ದಾರಿ ಅಷ್ಟೂ ಜಗಲಿಗಳ ಮುಂದೆಯೇ ಹಾದು ಹೋಗುತ್ತಿತ್ತು.

ಅಣ್ಣ ಒಂದು ಜೊತೆ ತಂದುಕೊಟ್ಟ. ಅತ್ತಿಗೆ ಅವನ್ನು ಸೆರಗಿನ ಮರೆಯಲ್ಲಿ ಹಿಡಿದು, ಕುಂಟುತ್ತಾ ಊರು ದಾಟುತ್ತಿದ್ದರು. ಊರಾಚೆ ಹಾಕಿಕೊಳ್ಳುವಷ್ಟರಲ್ಲಿ ಎದುರಿಗೆ ಇನ್ಯಾರೋ ಹಿರಿಯರು. ತೆಗೆದು ಮತ್ತೆ ಕೈಗೆ...

ಒಂದು ಬೆಳಗ್ಗೆ ಜಗಲಿಯಲ್ಲಿದ್ದ ಮುದುಕರೊಬ್ಬರ ಕಣ್ಣಿಗೆ ಬಿತ್ತು. "ನಿನ್ ಕಾಲ್ಗಿಂತ ಮೆಟ್ಟೇ ಸುಕವಾಗದೆ ಕಣಮ್ಮ, ಸೆರಗ್ನಾಗೆ ಮನೀಕಂಡದೆ" ಅಂದರು. ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತಿದ್ದ ನಮ್ಮಪ್ಪನೂ ನಕ್ಕ.

ಅವತ್ತೇ ಚಪ್ಪಲಿ ಅಟ್ಟ ಸೇರಿತು.

ನೀರು, ಕಲ್ಲು, ಎಣ್ಣೆ ಮಾತ್ರ ಅವರು ಬಿಡಲಿಲ್ಲ. ಸಂಜೆ ಉಜ್ಜಿ ಮೆತ್ತಗೆ ಮಾಡಿದ್ದು ಗದ್ದೆಯ ಬದುವಿನ ಮೇಲೆ ನಡೆದೂ ನಡೆದೂ ಮತ್ತೆ ಗಟ್ಟಿಯಾಗುತ್ತಿತ್ತು.

ಅಷ್ಟರಲ್ಲಿ ನಾಟಿ ಬಂತು. ನಮ್ಮಲ್ಲಿ ಮುಯ್ಯಾಳಿನ ಲೆಕ್ಕ. ಅವರ ಹೆಂಗಸರು ನಮ್ಮ ಗದ್ದೆಗೆ ಬಂದರೆ ನಮ್ಮ ಹೆಂಗಸರು ಅವರ ಗದ್ದೆಗೆ ಹೋಗಬೇಕು. ನಮ್ಮ ನಾಟಿ ಮುಗಿದಿತ್ತು. ಇನ್ನು ಅತ್ತಿಗೆ ಹೋಗಿ ಮುಯ್ಯಿ ತೀರಿಸಬೇಕು. ಕಾಲು ನೋವು ಅಂತ ಮನೆಯಲ್ಲಿ ಕೂರುವ ಹಾಗಿರಲಿಲ್ಲ.

ಅವರು ಕುಂಟುವುದನ್ನು ಅಣ್ಣನಿಗೆ ನೋಡಲಾಗಲಿಲ್ಲ. ತಾನು ಗಡ್ಡ ಹೆರೆಯುವ ಬ್ಲೇಡು ತೆಗೆದುಕೊಂಡ. ಗಂಡ ಹೆಂಡತಿಯ ಕಾಲು ಹಿಡಿದದ್ದು ಯಾರಿಗೂ ಕಾಣಬಾರದೆಂದು ಹಿತ್ತಿಲ ಬಾಗಿಲು ಹಾಕಿಕೊಂಡು ಆಣಿ ಕುಯ್ದ. ರಕ್ತ ಬಂದಾಗ ಒಲೆಯ ಬೂದಿ ಒತ್ತಿ ಬಟ್ಟೆ ಕಟ್ಟಿದ.

ಎಲ್ಲ ಮುಗಿದ ಮೇಲೆ ನನಗೆ ಹೇಳಿದ. "ಬುಡ್ದಿಂದ್ಲೇ ತೆಗ್ದೆ ಕಣ್ಲಾ. ಇನ್ ತಿರ್ಗಾ ಬರಾಕಿಲ್ಲ." ಅವನ ಮುಖದಲ್ಲಿ ಅಂಥ ಸಮಾಧಾನ ನಾನು ಕಂಡದ್ದು ಕಡಿಮೆ.

ಮರುದಿನ ಅತ್ತಿಗೆ ಕೆಸರಿಗೆ ಇಳಿದರು. ಗಾಯ ಬೇಗ ಒಣಗಿತು. ಬರಬರುತ್ತಾ ಕುಂಟು ಹೋಯಿತು. ನೇರವಾಗಿ ನಡೆಯುತ್ತಿದ್ದರು. ನಮಗೆಲ್ಲ ಖುಷಿ.

ಆಮೇಲೆ ಆ ಮುದ್ದೆ.

ಬೆಳಗಾಗುವುದರೊಳಗೆ ಕುತ್ತಿಗೆ ಬಿಗಿದಿತ್ತು. ಗಾಳಿ ಸೋಕಿದೆ ಅಂತ ಅವ್ವ ದೃಷ್ಟಿ ತೆಗೆದಳು. ಅಣ್ಣ ಗಾಡಿ ಕಟ್ಟಿದ. ಎತ್ತಿನ ಕೊರಳ ಗಂಟೆ ಅಲ್ಲಾಡಿದಾಗಲೆಲ್ಲ ಅತ್ತಿಗೆಯ ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಅಣ್ಣ ಇಳಿದು ಗಂಟೆಗಳನ್ನು ಬಿಚ್ಚಿ ಹುಲ್ಲಿನಲ್ಲಿ ಹುದುಗಿಸಿದ. ಆಮೇಲೆ ಮದ್ದೂರಿನ ತನಕ ನಾವಿಬ್ಬರೂ ಮಾತಾಡಲಿಲ್ಲ. ಮಾತಿನ ಸದ್ದಿಗೂ ಅವರ ಬೆನ್ನು ಬಿಗಿಯುತ್ತಿತ್ತು.

ಅದೇ ಡಾಕ್ಟರು. ಎಲ್ಲಿ ಗಾಯವಾಗಿತ್ತು ಎಂದು ಕೇಳಿದರು. ಅಣ್ಣ ಕಾಲು ತೋರಿಸಿದ. ಡಾಕ್ಟರು ಅಂಗಾಲು ನೋಡಿದರು, ನನ್ನ ಮುಖ ನೋಡಿದರು, ಧನುರ್ವಾಯು ಅಂದರು. ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಮಂಡ್ಯಕ್ಕೆ ಕರೆದೊಯ್ದೆವು. ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಕೊನೆಯವರೆಗೂ ಅವರಿಗೆ ಎಚ್ಚರವಿತ್ತು... ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಮಣ್ಣು ಮಾಡಿ ಬಂದ ಸಂಜೆ ಅಣ್ಣ ಹಿತ್ತಿಲಲ್ಲಿ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ನೆಲ ನೋಡುತ್ತಲೇ ಕೇಳಿದ.

"ನೀನ್ ಪೇಪರ್ ಓದೋನು, ನಿಜ ಯೋಳ್ಲಾ. ನಾನ್ ಕುಯ್ದಿದ್ಕೇ ಆಯ್ತಾ?"

ಕೊಯ್ದ ಗಾಯದೊಳಗೆ ಮಣ್ಣು ಸೇರಿದರೆ ಏನಾಗುತ್ತದೆಂದು ನಾನು ಪೇಪರಿನಲ್ಲಿ ಓದಿದ್ದೆ. ಹೌದು ಅನ್ನಲು ಬಾಯಿ ಬರಲಿಲ್ಲ. ಅಲ್ಲ ಅನ್ನಲೂ ಬರಲಿಲ್ಲ.

ಅವನು ತಲೆಯಾಡಿಸಿ ಎದ್ದು ಒಳಗೆ ಹೋದ. ಸಾಯುವ ತನಕ ಮತ್ತೆ ಕೇಳಲಿಲ್ಲ.

ನೀವು ಅಲ್ಲಿ ಕೂತಿದ್ದರೆ ಅವನಿಗೆ ಏನು ಹೇಳುತ್ತಿದ್ದಿರಿ?