ಬಾಗಿಲು ತಡೆದ ಕಾಣಿಕೆ ಬಾಡಿಗೆಯಾದ ಪ್ರಕರಣ

ಅಪಘಾತದಲ್ಲಿ ನಜ್ಜುಗುಜ್ಜಾದದ್ದು ಒಂದು ಸ್ಪೋರ್ಟ್ಸ್ ಕಾರು. ಅದರ ಫಲ ಉಂಡವರು ತಪ್ಪು ದಿಕ್ಕಿನಲ್ಲಿ ನುಗ್ಗಿ ಬಂದ ಜಲ್ಲಿ ಟಿಪ್ಪರಿನ ಮಾಲೀಕರಲ್ಲ, ಕಾರಿಗೆ ವಿಮೆ ಮಾರಿದ ಕಂಪನಿಯವರಲ್ಲ, ಸುಳ್ಳೆಂದು ತಿಳಿದೂ ವರದಿ ಬರೆದ ತನಿಖೆದಾರನೂ ಅಲ್ಲ. ಉಂಡವರು ಶ್ರೀರಂಗಪಟ್ಟಣದಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದ ಮಂಜುಳಾ. ಅವರ ಡ್ರೈವಿಂಗ್ ಸ್ಕೂಲಿನ ಬಾಗಿಲು ಇವತ್ತಿಗೂ ಮುಚ್ಚಿದೆ.

ಕೋವಿಡ್ ಕಳೆದು ಮದುವೆಗಳು ಮತ್ತೆ ದೊಡ್ಡದಾಗಿ ನಡೆಯತೊಡಗಿದ್ದ ಕಾಲವದು. ನಾನು ಪಾಂಡವಪುರದಲ್ಲಿ ವಕೀಲೆ. ಗ್ರಾಹಕ ವ್ಯಾಜ್ಯಗಳೇ ನನ್ನ ಕೆಲಸ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಮಂಜುಳಾ ತಮ್ಮ ಚಿಕ್ಕಪ್ಪ ಪುಟ್ಟಸ್ವಾಮಿಯವರೊಂದಿಗೆ ನನ್ನ ಕಚೇರಿಗೆ ಬಂದಾಗ ಅವರ ಬಳಿ ಎರಡು ಪತ್ರಗಳಿದ್ದವು. ಮೊದಲನೆಯದು ವಿಮಾ ಕಂಪನಿಯದು: ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದ್ದರಿಂದ ಪಾಲಿಸಿಯ ಷರತ್ತು ಮುರಿದಿದೆ, ಪರಿಹಾರವಿಲ್ಲ. ಎರಡನೆಯದು ಸಾರಿಗೆ ಕಚೇರಿಯದು. ಕಂಪನಿ ತನ್ನ ಪತ್ರದ ಪ್ರತಿಯನ್ನು ಅಲ್ಲಿಗೂ ಕಳಿಸಿತ್ತು. ಬಾಡಿಗೆ ದಂಧೆಯ ಆರೋಪ ಇತ್ಯರ್ಥವಾಗುವವರೆಗೆ ಡ್ರೈವಿಂಗ್ ಸ್ಕೂಲಿನ ಪರವಾನಗಿ ನವೀಕರಿಸಲಾಗದು ಎಂದು ಅದರಲ್ಲಿತ್ತು. ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಅದಿಲ್ಲದೆ ಶಾಲೆಯಿಲ್ಲ, ಶಾಲೆಯಿಲ್ಲದೆ ಮಂಜುಳಾರಿಗೂ ಅವರ ಕೈಕೆಳಗೆ ಕಲಿಸುತ್ತಿದ್ದ ಇಬ್ಬರು ಹೆಣ್ಣುಮಕ್ಕಳಿಗೂ ಕೆಲಸವಿಲ್ಲ.

ಕಾರಿನ ಕಥೆ ಸರಳ. ಹಳೆಯ ಪುಟ್ಟ ಕಾರುಗಳಲ್ಲಿ ಗೃಹಿಣಿಯರಿಗೆ, ಶಿಕ್ಷಕಿಯರಿಗೆ, ಡೇರಿಗೆ ಹಾಲು ಹಾಕುವ ಹೆಂಗಸರಿಗೆ ಕ್ಲಚ್ಚು ಬ್ರೇಕು ತೋರಿಸುತ್ತ ವರ್ಷಗಳನ್ನು ಕಳೆದ ಮಂಜುಳಾ, ತಮಗಾಗಿ ಒಂದೇ ಒಂದು ಆಸೆ ಇಟ್ಟುಕೊಂಡಿದ್ದರು. ಮೈಸೂರಿನ ವೈದ್ಯರೊಬ್ಬರು ಮಾರುತ್ತಿದ್ದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಕೂಡಿಟ್ಟ ಹಣದಲ್ಲಿ ಕೊಂಡರು. ಅದರ ಹಿಂದಿನ ಸೀಟು ಹೆಸರಿಗಷ್ಟೇ. ಮುಂದಿನ ಸೀಟನ್ನು ಯಾರಾದರೂ ಮಡಚಿಕೊಡದೆ ಅಲ್ಲಿ ಕೂತವರು ಇಳಿಯುವಂತಿಲ್ಲ. ಆ ಕಾರಿನಲ್ಲಿ ಪಾಠ ಹೇಳಿದ್ದಿಲ್ಲ, ಬಾಡಿಗೆಗೆ ಬಿಟ್ಟದ್ದಿಲ್ಲ.

ಪುಟ್ಟಸ್ವಾಮಿಯವರ ಮಗನ ಮದುವೆ ನಾಗಮಂಗಲದಲ್ಲಿ ನಡೆಯಿತು. ಮದುಮಕ್ಕಳನ್ನು ಪಾಂಡವಪುರದ ಪಕ್ಕದ ಊರಿನ ಮನೆಗೆ ಕರೆತಂದದ್ದು ಮಂಜುಳಾರ ಕಾರಿನಲ್ಲಿ. ನಮ್ಮ ಕಡೆ ಹೊಸ ಜೋಡಿ ಮನೆಯೊಳಗೆ ಕಾಲಿಡುವ ಮುನ್ನ ಗಂಡಿನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ, ಕಾಣಿಕೆ ಕೊಟ್ಟ ಮೇಲೆಯೇ ದಾರಿ ಬಿಡುತ್ತಾರೆ. ವರಸೆಯಲ್ಲಿ ಅಕ್ಕನಾದ ಮಂಜುಳಾ ಈ ಶಾಸ್ತ್ರವನ್ನು ಹೊಸ್ತಿಲವರೆಗೆ ಕಾಯಿಸಲಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ತಾವಿಳಿದು, ಜೋಡಿಯನ್ನು ಹಿಂದಿನ ಸೀಟಿನಲ್ಲಿಯೇ ಉಳಿಸಿ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಯಾರೋ ಮೊಬೈಲಿನಲ್ಲಿ ಹಿಡಿದ ಆ ದೃಶ್ಯವನ್ನು ನಾನೂ ನೋಡಿದ್ದೇನೆ.

“ಕಾಸು ಇಕ್ಕುದ್ರೆ ಬಾಗ್ಲು. ಇಲ್ದಿದ್ರೆ ಗಂಡ ಎಡ್ತಿ ಅಲ್ಲೇ ಸಂಸಾರ ಮಾಡ್ಕಳಿ,” ಎನ್ನುತ್ತಾರೆ ಮಂಜುಳಾ.

“ಅಕ್ಕಾ, ಕಾಲು ಜೋಮಿಡ್ದದೆ, ಬುಡಕ್ಕಾ,” ಎಂದು ಒಳಗಿನಿಂದ ಮದುಮಗನ ದನಿ.

ಸುತ್ತಲಿದ್ದವರೆಲ್ಲ ನಗುತ್ತಾರೆ. ಪುಟ್ಟಸ್ವಾಮಿಯವರು ವೀಳ್ಯದೆಲೆಯ ಮೇಲೆ ನೋಟಿಟ್ಟು ಕೊಡುತ್ತಾರೆ. ಸೀಟು ಮಡಚಿಕೊಳ್ಳುತ್ತದೆ, ಜೋಡಿ ಇಳಿಯುತ್ತದೆ. ಅಂದು ಸಂಜೆ ಮಂಜುಳಾ ಒಬ್ಬರೇ ಶ್ರೀರಂಗಪಟ್ಟಣಕ್ಕೆ ಮರಳುತ್ತಿದ್ದಾಗ, ತನ್ನ ಮುಂದಿನ ಬಸ್ಸನ್ನು ಹಿಂದೆ ಹಾಕಲು ಹೊರಟ ಟಿಪ್ಪರು ಎದುರಿನಿಂದ ಬಂದು ಅಪ್ಪಳಿಸಿತು. ಅವರ ಮಣಿಕಟ್ಟು ಮುರಿಯಿತು. ಕಾರು ‘ಟೋಟಲ್ ಲಾಸ್’ ಆಯಿತು. ಎಂದರೆ, ರಿಪೇರಿ ಮಾಡಿಸಿ ಫಲವಿಲ್ಲದಷ್ಟು ಹಾಳಾಯಿತು. ಇಂಥ ಸಂದರ್ಭದಲ್ಲಿ ಪಾಲಿಸಿ ಕೊಳ್ಳುವಾಗಲೇ ನಿಗದಿಯಾದ ಕಾರಿನ ಬೆಲೆಯನ್ನು, ಅಂದರೆ ಐಡಿವಿಯನ್ನು, ಕಂಪನಿ ಕೊಡಬೇಕು.

ಕೊಡುವ ಬದಲು ಕಂಪನಿ ಒಬ್ಬ ಖಾಸಗಿ ತನಿಖೆದಾರನನ್ನು ಕಳಿಸಿತು. ಆತ ಆ ವಿಡಿಯೋವನ್ನು ಎಲ್ಲಿಂದಲೋ ದೊರಕಿಸಿಕೊಂಡು, ನಂತರ ಪುಟ್ಟಸ್ವಾಮಿಯವರ ಮನೆಗೆ ಹೋಗಿ ಕಾಫಿ ಕುಡಿದು, ಕಾರಿನ ಬಾಬ್ತು ಮಂಜುಳಾರಿಗೆ ಏನಾದರೂ ಕೊಟ್ಟಿರಾ ಎಂದು ಕೇಳಿದ. ಕೊಟ್ಟೆವು ಎಂದರು. ಎಷ್ಟು ಎಂದು ಕೇಳಿದ. ಐದು ಸಾವಿರ ಎಂದರು. ಬಾಡಿಗೆ ಸಾಬೀತಾಯಿತು. ವರದಿಯ ಕೊನೆಯಲ್ಲಿ ಆತ ಇನ್ನೊಂದು ವಾಕ್ಯ ಸೇರಿಸಿದ್ದ: ಡ್ರೈವಿಂಗ್ ಸ್ಕೂಲ್ ನಡೆಸುವ ಮಹಿಳೆಗೆ ಸ್ವಂತ ಬಳಕೆಗೆ ಇಂಥ ಕಾರಿನ ಅಗತ್ಯ ಕಂಡುಬರುವುದಿಲ್ಲ. ಗಂಡಸೊಬ್ಬ ಸ್ಪೋರ್ಟ್ಸ್ ಕಾರು ಕೊಂಡರೆ ಅದು ಶೋಕಿ. ಹೆಂಗಸು ಕೊಂಡರೆ ದಂಧೆ. ಈ ವಾಕ್ಯವನ್ನು ಓದಿಯೂ ಸಹಿ ಹಾಕಿದ ಅಧಿಕಾರಿ ಬರೆದವನಷ್ಟೇ ತಪ್ಪಿತಸ್ಥ.

ನನ್ನ ನೋಟಿಸಿಗೆ ಉತ್ತರವಾಗಿ ಕಂಪನಿ ಮಾತುಕತೆಗೆ ಕರೆಯಿತು. ಶ್ರೀರಂಗಪಟ್ಟಣದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯ ಅವರ ಶಾಖೆಯಲ್ಲಿ ನಾವು ಮೂವರು ಒಂದು ಬದಿಗೆ, ಮೈಸೂರಿನಿಂದ ಬಂದ ಕ್ಲೇಮ್ಸ್ ಮ್ಯಾನೇಜರ್ ಮತ್ತು ಆ ತನಿಖೆದಾರ ಇನ್ನೊಂದು ಬದಿಗೆ ಕೂತೆವು. ನೀರು ಕೊಟ್ಟದ್ದು ಅವರಿಬ್ಬರಿಗೆ ಮಾತ್ರ. ಮ್ಯಾನೇಜರ್ ಮಂಜುಳಾರತ್ತ ಒಮ್ಮೆಯೂ ತಿರುಗದೆ, ‘ನಾನ್-ಸ್ಟ್ಯಾಂಡರ್ಡ್ ಸೆಟ್ಲ್‌ಮೆಂಟ್’ ಮಾಡಿಕೊಡುವುದಾಗಿ ನನಗೆ ಹೇಳಿದರು. ಪಾಲಿಸಿದಾರರ ಕಡೆಯಿಂದ ಷರತ್ತು ಮುರಿದಿದ್ದರೂ ಉದಾರವಾಗಿ ಮುಕ್ಕಾಲು ಭಾಗ ಕೊಡುವ ಪದ್ಧತಿಯಿದು. ಇದರ ವಿಷ ಇರುವುದು ಆ ‘ಮುರಿದಿದ್ದರೂ’ ಎಂಬಲ್ಲಿ. ಮುಕ್ಕಾಲು ಪಡೆದವರು ತಪ್ಪನ್ನು ಪೂರ್ತಿ ಒಪ್ಪಿದಂತೆ. ಆ ಒಪ್ಪಿಗೆ ಸಾರಿಗೆ ಕಚೇರಿ ತಲುಪಿದರೆ ಶಾಲೆಯ ಕಥೆ ಮುಗಿದಂತೆ.

ಪುಟ್ಟಸ್ವಾಮಿಯವರಿಗೆ ಇದಿನ್ನೂ ಹೊಳೆದಿರಲಿಲ್ಲ. ಮಂಜುಳಾರ ಕಡೆ ಬಾಗಿ, “ಬಂದಷ್ಟು ಬರ್ಲಿ, ತಕಂಡು ಸುಮ್ನಾಗವ್ವ,” ಎಂದರು.

“ಮುಕ್ಕಾಲು ತಕಂಡ್ರೆ ಮುಕ್ಕಾಲು ಕಳ್ಳಿ ಆಯ್ತೀನಿ ಚಿಕ್ಕಪ್ಪ. ಆಮೇಕೆ ನನ್ತಾವ ಯಾವ ಎಣ್ಮಗ ಬಂದು ಕಲ್ತಾಳು?”

ಆಗ ನಾನು ಕಾಣಿಕೆಯ ಮಾತೆತ್ತಿದೆ. ತನಿಖೆದಾರ ನಕ್ಕ. ಶಾಸ್ತ್ರಕ್ಕೆ ಐದು ಸಾವಿರ ಯಾರು ಕೊಡುತ್ತಾರೆ ಎಂದ. ಪುಟ್ಟಸ್ವಾಮಿಯವರ ಮುಖ ಕೆಂಪಾಯಿತು. ಹೆಗಲ ಮೇಲಿನ ವಸ್ತ್ರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಕೊಟ್ಟಿದ್ದು ಐನೂರು ಕಣಪ್ಪ. ನೀನು ಪ್ಯಾಂಟು ಸರ್ಟು ಆಕಂಡು ಬಂದು ಎಷ್ಟು ಕೊಟ್ರಿ ಅಂದೆ. ಮಗನ ಮದ್ವೇಲಿ ಎಣ್ಮಗಳಿಗೆ ಐನೂರು ಕೊಟ್ಟೆ ಅಂತ ಎಂಗೇಳನೆ? ಐದು ಸಾವ್ರ ಅಂದ್ಬುಟ್ಟೆ. ನನ್ ಜಂಬಕ್ಕೆ ಈ ಮಗಿನ ಕತ್ತು ಕುಯ್ತೀಯಾ ಅಂತ ಗೊತ್ತಿದ್ರೆ ಕಾಫಿನೂ ಕೊಡ್ತಿರ್ನಿಲ್ಲ.”

ಮ್ಯಾನೇಜರ್‌ಗೆ ಇಷ್ಟು ಸಾಲಲಿಲ್ಲ. ಈಗ ಮಾತು ಬದಲಿಸುತ್ತಿದ್ದಾರೆ ಎಂದರು. ತನಿಖೆದಾರನ ಊರು ಕೆ.ಆರ್. ಪೇಟೆ ಎಂಬುದು ಅವನ ಮಾತಿನಿಂದಲೇ ನನಗೆ ತಿಳಿದಿತ್ತು. ಮದುವೆಯಾಗಿದೆಯೇ ಎಂದು ಕೇಳಿದೆ. ಆಗಿದೆ ಎಂದ. ನಿಮ್ಮ ಮನೆಯಲ್ಲಿ ಬಾಗಿಲು ತಡೆದವರು ಯಾರು ಎಂದು ಕೇಳಿದೆ. ಆತ ಮ್ಯಾನೇಜರರ ಮುಖ ನೋಡಿದ.

“ನಮ್ಮಕ್ಕ,” ಎಂದ.

“ಅವರಿಗೆ ಕೊಟ್ಟದ್ದು ಮನೆ ಬಾಡಿಗೆಯೇ?”

ಆತ ತನ್ನ ಮುಂದಿದ್ದ ವರದಿಯನ್ನು ಮಡಚಿಟ್ಟ. ‘ನಮ್ಮಕ್ಕ’ ಎಂಬ ಆ ಒಂದು ಮಾತೇ ಈ ಪ್ರಕರಣದ ತಿರುಳು. ದೂರದ ಊರಿನ ಅಧಿಕಾರಿಗೆ ನಮ್ಮ ಶಾಸ್ತ್ರ ತಿಳಿಯದಿದ್ದರೆ ಅದು ಅಜ್ಞಾನ, ತಿಳಿಸಿ ಹೇಳಬಹುದು. ಈತ ಬಲ್ಲವನು. ತನ್ನ ಮನೆಯ ಹೊಸ್ತಿಲಲ್ಲಿ ನಡೆದುದನ್ನೇ ಇನ್ನೊಬ್ಬರ ಮನೆಯ ಮುಂದೆ ಕಂಡು, ಅದನ್ನು ಅಪರಾಧವೆಂದು ಬರೆದು ಶುಲ್ಕ ಪಡೆದವನು. ಕಂಪನಿಗಳು ಸ್ಥಳೀಯರನ್ನೇ ಈ ಕೆಲಸಕ್ಕೆ ನೇಮಿಸುವುದು ನಮ್ಮನ್ನು ಅರ್ಥಮಾಡಿಕೊಳ್ಳಲೆಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ಗ್ರಾಹಕ ಆಯೋಗದಲ್ಲಿ ಮೊದಲ ಸಾಕ್ಷಿಯಾಗಿ ಈತನ ಅಕ್ಕನನ್ನೇ ಕರೆಸುತ್ತೇನೆ ಎಂದು ಮ್ಯಾನೇಜರ್‌ಗೆ ಹೇಳಿದೆ. ಅಪಘಾತದ ಹೊತ್ತಿನಲ್ಲಿ ಕಾರಿನಲ್ಲಿ ಮಂಜುಳಾರ ಹೊರತು ಯಾರೂ ಇರಲಿಲ್ಲವೆಂದು ಪೊಲೀಸರ ದಾಖಲೆಯೇ ಹೇಳುವುದನ್ನೂ ಮುಂದಿಟ್ಟೆ. ಅವರು ಫೋನು ಹಿಡಿದು ಮೆಟ್ಟಿಲಿಗೆ ಹೋದರು. ಮರಳಿದವರು ಪೂರ್ತಿ ಐಡಿವಿ ಕೊಡಲು ಒಪ್ಪಿದರು. ಪಾಲಿಸಿಯ ಪ್ರಕಾರ ಕಳೆಯಬೇಕಾದ ಸಣ್ಣ ಮೊತ್ತವನ್ನು ಮಾತ್ರ ಕಳೆಯುವುದು, ಮುರಿದ ಕಾರು ಕಂಪನಿಯ ಪಾಲಿಗೆ ಎಂದಾಯಿತು. ಕ್ಷಮೆ ಕೇಳಲಿಲ್ಲ. ತೀರುವಳಿ ಪತ್ರದಲ್ಲಿ ‘ಇನ್ನಾವ ತಕರಾರೂ ಇಲ್ಲ’ ಎಂಬ ಸಾಲಿತ್ತು. ಅದನ್ನು ಹೊಡೆದುಹಾಕಿಸಿದ ಮೇಲೆಯೇ ಮಂಜುಳಾ ಎಡಗೈಯಿಂದ ಸಹಿ ಮಾಡಿದರು. ಆರೋಪ ಹಿಂಪಡೆದು ಸಾರಿಗೆ ಕಚೇರಿಗೆ ಬರೆಯುವಂತೆ ಕೇಳಿದಾಗ ಮ್ಯಾನೇಜರ್ ಬರೆಯೋಣ ಎಂದರು.

ಹಣ ಬಂತು. ಪತ್ರ ಹೋಗಲಿಲ್ಲ. ನೆನಪಿಸಿದಾಗಲೆಲ್ಲ ಒಂದೇ ಉತ್ತರ: “ದುಡ್ಡು ಬಂತಲ್ಲ ಮೇಡಂ, ಇನ್ನೇನು?” ಪರವಾನಗಿಯ ಅವಧಿ ಮುಗಿಯಿತು. ಕಲಿಸುತ್ತಿದ್ದ ಇಬ್ಬರಲ್ಲಿ ಒಬ್ಬಳು ಈಗ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಬಿಲ್ಲು ಬರೆಯುತ್ತಾಳೆ, ಇನ್ನೊಬ್ಬಳು ಮನೆಯಲ್ಲಿದ್ದಾಳೆ. ಮಂಜುಳಾ ಅರಕೆರೆಯ ಕಡೆ ಅಣ್ಣನ ಗದ್ದೆಯ ಕೆಲಸ ನೋಡಿಕೊಳ್ಳುತ್ತ, ಬಸ್ಸಿನಲ್ಲಿ ಓಡಾಡುತ್ತಾರೆ. ಸಾರಿಗೆ ಕಚೇರಿಯ ವಿರುದ್ಧ ನಾವು ಹೂಡಿದ ಮೇಲ್ಮನವಿ ಇನ್ನೂ ನಡೆಯುತ್ತಿದೆ.

ಪರಿಹಾರ ಕೊಡಿಸುವುದೇ ನನ್ನ ವೃತ್ತಿಯ ಕೊನೆಯ ಹೆಜ್ಜೆಯೆಂದು ಬಹುಕಾಲ ತಿಳಿದಿದ್ದೆ. ಮಾತುಕತೆಗೆ ಕೂತಾಗ ಮೊದಲು ಮರಳಿ ಕೇಳಬೇಕಾದದ್ದು ಕಳೆದ ಒಳ್ಳೆಯ ಹೆಸರನ್ನು, ಆಮೇಲೆ ಹಣವನ್ನು ಎಂದು ಈ ಪ್ರಕರಣ ಕಲಿಸಿತು. ಹಣ ಕೊಟ್ಟು ಕೈತೊಳೆದುಕೊಂಡವರಿಗೆ ಹೆಸರಿನ ನೆನಪು ಉಳಿಯುವುದಿಲ್ಲ.

ಆದ್ದರಿಂದ ಆ ಮ್ಯಾನೇಜರ್‌ಗೆ, ಅವರ ಮೇಲಿನವರಿಗೆ ನನ್ನ ಬೇಡಿಕೆ ಇದು. ಬಾಡಿಗೆಯ ಆರೋಪ ಸುಳ್ಳೆಂದೂ ಅದನ್ನು ಹಿಂಪಡೆದಿದ್ದೇವೆಂದೂ, ಆರೋಪ ಕಳಿಸಿದ ಅದೇ ಸಾರಿಗೆ ಕಚೇರಿಗೆ, ಅದೇ ಸಹಿಯಲ್ಲಿ, ಕನ್ನಡದಲ್ಲಿ ಬರೆಯಿರಿ. ಮಹಿಳೆಗೆ ಇಂಥ ಕಾರಿನ ಅಗತ್ಯವಿಲ್ಲ ಎಂಬ ವಾಕ್ಯವನ್ನು ನಿಮ್ಮ ಕಡತದಿಂದ ತೆಗೆಯಿರಿ. ಪತ್ರದ ಪ್ರತಿಯೊಂದನ್ನು ಅಂಚೆಗೆ ಹಾಕದೆ, ನೀವೇ ಬಂದು ಮಂಜುಳಾರ ಕೈಗೆ ಕೊಡಿ. ಇಷ್ಟು ಕಾಲವೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು ನೀವು. ನಿಮಗೆ ಕಾಣಿಕೆ ಸಲ್ಲುವುದಿಲ್ಲ. ದಾರಿ ಬಿಡಿ.