ನಮ್ಮ ಹೊಲದ ಐದು ಕಲ್ಲು

ಗೆಳೆಯರೇ, ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಸವಡಿಯ ನಮ್ಮ ಹೊಲವೇ ಬಂತು. 'ಅಮಾವಾಸ್ಯೆಯಂದು ಹೊಲದಲ್ಲಿ ವಾಮಾಚಾರ' ಎಂದು ದೊಡ್ಡ ಅಕ್ಷರ. ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವುಗಳ ಮೇಲೆ ಕುಂಕುಮ. 'ಇದು ಯಾರ ರಕ್ತ?' ಎಂದು ಒಬ್ಬ ನಡುಗುವ ದನಿಯಲ್ಲಿ ಕೇಳುತ್ತಿದ್ದ.

ನಿನ್ನೆ ಎಳ್ಳಮಾವಾಸ್ಯೆ. ಆ ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭೂಮಿತಾಯಿ ಉಣ್ಣಲೆಂದು ಹೊಲದ ತುಂಬ ಚರಗ ಚೆಲ್ಲಿದವಳು ನಮ್ಮವ್ವ. ಚರಗವೆಂದರೆ ಮನೆಯಿಂದ ಕಟ್ಟಿಕೊಂಡು ಹೋದ ಅಡುಗೆಯೇ.

ಅವ್ವ ವಿಡಿಯೊ ಎರಡು ಸಲ ನೋಡಿದಳು. 'ಇಂವಾ ನಿನ್ನಿ ಬಂದಾಂವ ಅಲ್ಲೇನೋ? ಹಸದಿರಬೇಕಂತ ನಾನ ಕರದು ಊಟಕ್ಕ ನೀಡಿದ್ನಿ' ಎಂದಳು.

ವಿಡಿಯೊದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವನೇ ಎತ್ತಿದ.

'ಅದು ವಾಮಾಚಾರ ಅಲ್ರಿ, ನಮ್ಮ ಹಬ್ಬ' ಎಂದೆ.

'ಗೊತ್ತೈತ್ರಿ. ಹಬ್ಬ ಅಂತ ಹಾಕಿದ್ರ ಯಾರ ನೋಡ್ತಾರ್ರಿ?' ಎಂದು ಇಟ್ಟುಬಿಟ್ಟ.

ಸಂಜೆ ಅವ್ವ ಕೊಡದಲ್ಲಿ ನೀರು ಒಯ್ದು ಕಲ್ಲುಗಳ ಕುಂಕುಮ ತೊಳೆದಳು. ನಾನು ಬೇಡವೆಂದೆ. 'ಹಾದಿಗೆ ಹೋಗೋ ಮಂದಿ ಅಂಜಬಾರದಲ್ಲ' ಎಂದಳು. ಎಷ್ಟೋ ವರ್ಷದಿಂದ ಆ ಕಲ್ಲಿಗೆ ಯಾರೂ ಅಂಜಿರಲಿಲ್ಲ.

ನಿನ್ನೆ ಅವನು ಸಜ್ಜಿಕಡಬು ಇನ್ನೊಂದು ಕೇಳಿ ಹಾಕಿಸಿಕೊಂಡಿದ್ದ. ವಿಡಿಯೊದಲ್ಲಿ ಅದೊಂದು ಇಲ್ಲ.