ಪ್ರಭಂಜನರಾಯರ ಔಷಧದ ಸೀಸೆ

ಮದ್ರಾಸು ಸರ್ಕಾರದ ಸರ್ವೆ ಇಲಾಖೆಯಿಂದ ಪೆನ್ಷನ್ ಪಡೆದು ಹೊಸಪೇಟೆಯಲ್ಲಿ ನೆಲೆಸಿರುವ ಪ್ರಭಂಜನರಾಯರಿಗೆ ಮೂರು ವರ್ಷದ ಹಿಂದೆ ಸೊಂಟ ಹಿಡಿದುಕೊಂಡಿತು. ಡಾಕ್ಟರು ಒಂದು ವಾರಕ್ಕೆಂದು ಅಫೀಮು ಬೆರೆಸಿದ ಔಷಧ ಬರೆದುಕೊಟ್ಟರು. ಆ ವಾರ ಇನ್ನೂ ಮುಗಿದಿಲ್ಲ. ಸೀಸೆಯ ಮೈಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಕಾಂಪೌಂಡರು ಅಳತೆಗೆಂದು ಕಚ್ಚುಗಳನ್ನು ಕತ್ತರಿಸಿರುತ್ತಾರೆ, ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು. ರಾಯರು ಸೀಸೆಯನ್ನು ಬೆಳಕಿಗೆ ಹಿಡಿದು, ಅಡಿಪಟ್ಟಿಯಿಟ್ಟು ಅಳೆದು, "ಕಾಂಪೌಂಡರಿಗೆ ಅಳತಿ ಬರಂಗಿಲ್ಲ, ಇದು ಅರ್ಧ ಕಚ್ಚು" ಎಂದು ಎರಡು ಕಚ್ಚು ಇಳಿಸುತ್ತಾರೆ. ಏಕಾದಶಿಯಂದು ನೀರೂ ಮುಟ್ಟದವರು ಇದನ್ನು ಮಾತ್ರ ಬಿಡರು. "ಔಷಧಕ್ಕ ದೋಷ ಇಲ್ಲ" ಎಂದು ಪೂಜೆಯ ಉದ್ಧರಣೆಯಿಂದಲೇ ಸೇವಿಸುತ್ತಾರೆ. ಊರಿನ ಡಾಕ್ಟರು "ಇನ್ನ ಸಾಕ್ರಿ ರಾಯರ, ಚಟ ಆಗ್ತದ" ಎಂದಾಗ ಸಿಟ್ಟಾಗಿ, ಎತ್ತಿನ ಗಾಡಿಯಲ್ಲಿ ಕಂಪ್ಲಿಗೆ ಹೋಗಿ, ಅಲ್ಲಿನ ಡಾಕ್ಟರ ಮುಂದೆ ನರಳಿ ಔಷಧ ತಂದರು. ದಾರಿಯುದ್ದದ ಕುಲುಕಾಟದಲ್ಲಿ ಒಮ್ಮೆಯೂ ನರಳಿರಲಿಲ್ಲ. ನಿನ್ನೆ ಸೀಸೆ ಕೈಜಾರಿ ಮಂಚದಡಿಗೆ ಉರುಳಿತು. ರಾಯರು ಥಟ್ಟನೆ ಮೊಣಕಾಲೂರಿ, ನೆಲಕ್ಕೆ ಎದೆ ಹಚ್ಚಿ, ಉಡದಂತೆ ತೆವಳಿ ಹೋಗಿ ಸೀಸೆ ಸಮೇತ ಹೊರಬಂದರು. ಬಾಗಿಲಲ್ಲಿ ಹೆಂಡತಿ ಕೃಷ್ಣಾಬಾಯಿ ನಿಂತಿದ್ದರು. "ಸೊಂಟ ಹ್ಯಾಂಗದರಿ?" ಎಂದು ಮೆಲ್ಲಗೆ ಕೇಳಿದರು. ರಾಯರು ನರಳಲು ಬಾಯಿ ತೆರೆದರು, ಕೈಯನ್ನು ಎಡಗಡೆಗೆ ಒಯ್ದರು, ಬಲಗಡೆಗೆ ಒಯ್ದರು, ಅಲ್ಲೇ ನಿಲ್ಲಿಸಿದರು. ತಾಲ್ಲೂಕಿನ ಗಡಿಕಲ್ಲುಗಳನ್ನೆಲ್ಲ ಬಾಯಿಪಾಠ ಹೇಳಬಲ್ಲ ಆ ಮನುಷ್ಯ ಹೆಂಡತಿಯ ಮುಖ ನೋಡಿ, ಸಣ್ಣ ದನಿಯಲ್ಲಿ ಕೇಳಿದರು: "ಯಾವ ಕಡೆ ಹಿಡಿದಿತ್ತೇ?"